ಶಿರಸಿ ಮಾರಿಜಾತ್ರೆ: ಪ್ರತಿ ಸಲವೂ ಕೇಳುವ ಪ್ರಶ್ನೆಗಳು

ಜಾತ್ರೆಯ ವರ್ಷ ಸಂಕ್ರಾಂತಿ ಕಳೆಯಿತೆಂದರೆ ನಮ್ಮ ಮನೆಯ ಫೋನಿಗೆ ಪುರುಸೊತ್ತಿಲ್ಲ. ಬೆಂಗಳೂರಿನ ನೆಂಟರು, ಹುಬ್ಬಳ್ಳಿಯ ಗೆಳೆಯರು, ಆ ಗೆಳೆಯರ ಗೆಳೆಯರು. ಕೆಲವರು ಈಗಲೂ ಕಾಗದ ಬರೆಯುತ್ತಾರೆ. ಕೇಳುವುದು ಮಾತ್ರ ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ, ಕೇಳಿದವರ ಮಾತಿನಲ್ಲೇ. ನಾನು ದೇವಸ್ಥಾನದ ಪರವಾಗಿ ಮಾತಾಡುವವನಲ್ಲ. ಊರಿನವ, ಜಾತ್ರೆಗೆ ಹೋಗುವವ, ಅಷ್ಟೆ.

## ಮೊದಲ ಸಲ ಬರುವವರು ಕೇಳುವವು

ಈ ವರ್ಷ ಸಿರ್ಸಿ ಜಾತ್ರೆ ಇದ್ಯಾ?

ನಮ್ಮೂರಿನ ದೇವಿ ಮಾರಿಕಾಂಬೆಗೆ ಎರಡು ವರ್ಷಕ್ಕೊಮ್ಮೆ ಜಾತ್ರೆ. 2018, 2020, 2022, 2024 ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ ನಡೆದುಕೊಂಡು ಬಂದಿದೆ. ಫಾಲ್ಗುಣ ಮಾಸದ ಒಂದು ಮಂಗಳವಾರ ಶುರುವಾದರೆ ಮುಂದಿನ ವಾರದ ಬುಧವಾರ ಮುಗಿಯುತ್ತದೆ, ಒಟ್ಟು 9 ದಿನ. 2022ರಲ್ಲಿ ಮಾರ್ಚ್ 15ರಿಂದ 23, 2024ರಲ್ಲಿ ಮಾರ್ಚ್ 19ರಿಂದ 27. ಚಾಂದ್ರಮಾನದ ಲೆಕ್ಕವಾದ್ದರಿಂದ ತಾರೀಕು ಹಿಂದೆಮುಂದೆ ಆಗುತ್ತದೆ. ಫೆಬ್ರವರಿ ಕೊನೆಯಲ್ಲೇ ಬಂದದ್ದೂ ಉಂಟು. ಚಳಿಗಾಲದಲ್ಲೇ ದೇವಸ್ಥಾನದಲ್ಲಿ ಸಭೆ ಸೇರಿ ಮುಹೂರ್ತ ಪ್ರಕಟಿಸುತ್ತಾರೆ. ಅದಾಗುವವರೆಗೆ ರಜೆ ಹಾಕಬೇಡಿ, ಟಿಕೆಟ್ ತೆಗೆಸಬೇಡಿ.

2020ರ ಜಾತ್ರೆ ಮಾರ್ಚ್ 11ಕ್ಕೆ ಮುಗಿಯಿತು. ಎರಡು ವಾರ ಕಳೆಯುವುದರೊಳಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಆ ನೂಕುನುಗ್ಗಲು ನೆನೆಸಿಕೊಂಡರೆ ಈಗಲೂ ಮೈ ಜುಂ ಎನ್ನುತ್ತದೆ. ದೊಡ್ಡಮ್ಮ (ಮಾರಿಕಾಂಬೆಯನ್ನು ನಾವು ಕರೆಯುವುದು ಹಾಗೆ) ಕಾಪಾಡಿದಳು ಎಂದು ನಮ್ಮ ಆಯಿ ಇವತ್ತಿಗೂ ಹೇಳುತ್ತಾಳೆ.

ಒಂದೇ ದಿನ ಬರೋಕಾಗೋದು. ಯಾವತ್ತು ಬರಲಿ?

ನಿಮಗೆ ಏನು ಬೇಕು ಅನ್ನುವುದರ ಮೇಲೆ. ರಥ ನೋಡಬೇಕೆಂದರೆ ಮೊದಲ ಬುಧವಾರ, ಬೇರೆ ದಾರಿಯೇ ಇಲ್ಲ. ದೇವಸ್ಥಾನದಿಂದ ಜಾತ್ರಾ ಗದ್ದುಗೆಯಿರುವ ಬಿಡಕಿಬೈಲಿಗೆ ನಡೆದರೆ ಕೆಲವೇ ನಿಮಿಷದ ಹಾದಿ, ಆದರೆ ಬೆಳಿಗ್ಗೆ ಹೊರಟ ರಥ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. ಅಷ್ಟು ಜನ. ಮಂಗಳವಾರ ರಾತ್ರಿಯ ಕಲ್ಯಾಣಕ್ಕೆ, ಅಂದರೆ ದೇವಿಯ ಮದುವೆಗೆ, ಬರುವವರು ಹೆಚ್ಚಾಗಿ ಊರಿನವರು, ಸುತ್ತಲ ಹಳ್ಳಿಯವರು. ನನ್ನನ್ನು ಕೇಳಿದರೆ ಕಲ್ಯಾಣದ ರಾತ್ರಿಯಷ್ಟು ಚೆಂದ ಬೇರೊಂದಿಲ್ಲ.

ಸಮಾಧಾನವಾಗಿ ಹಣ್ಣುಕಾಯಿ ಮಾಡಿಸಿ ಪೇಟೆ ಸುತ್ತಿ ಹೋಗುವವರು ಸೋಮವಾರ ಬನ್ನಿ. ಶನಿವಾರ, ಭಾನುವಾರ ಬಂದು ಆಮೇಲೆ ನನ್ನನ್ನು ಬಯ್ಯಬೇಡಿ.

ರೈಲಿದೆಯಾ? ಹೆಂಗೆ ಬರೋದು?

ಶಿರಸಿಗೆ ರೈಲಿಲ್ಲ. ಹಾವೇರಿಯಲ್ಲೋ, ತಾಳಗುಪ್ಪದಲ್ಲೋ, ಕರಾವಳಿಯಿಂದಾದರೆ ಕುಮಟೆಯಲ್ಲೋ ಇಳಿದು ಬಸ್ಸು ಹಿಡಿಯಬೇಕು. ಹುಬ್ಬಳ್ಳಿಯಿಂದ ಸುಮಾರು 100 ಕಿಲೋಮೀಟರ್, ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಸುಮಾರು 60. ಜಾತ್ರೆಗೆಂದು ಸಾರಿಗೆ ಸಂಸ್ಥೆ ಹೆಚ್ಚುವರಿ ಬಸ್ಸು ಬಿಡುತ್ತದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಬಂದ ಮೊದಲ ಜಾತ್ರೆ 2024ರದ್ದು. ಸೊಸೆಯ ಬಿಡುವನ್ನೋ ಮಗನ ಕಾರನ್ನೋ ಕಾಯದೆ ಅಜ್ಜಿಯಂದಿರು ಗುಂಪು ಕಟ್ಟಿಕೊಂಡು ಬಂದಿಳಿದದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದ್ದೇನೆ. ಉಡಿ ಸಾಮಾನಿನ ಚೀಲ ಅವರವರ ಕೈಯಲ್ಲೇ ಇತ್ತು.

ಕಾರಿನಲ್ಲಿ ಬರುವವರು ಊರ ಹೊರಗೇ ಗಾಡಿ ನಿಲ್ಲಿಸಿ ನಡೆಯುವುದಕ್ಕೆ ಸಿದ್ಧರಾಗಿ ಬನ್ನಿ.

ಉಳ್ಕೊಳ್ಳೋಕೆ ರೂಮು ಸಿಗುತ್ತಾ?

ತಿಂಗಳ ಮೊದಲೇ ಹೇಳಿಟ್ಟಿದ್ದರೆ ಸಿಗಬಹುದು. ನೆಂಟರ ಮನೆಯೇ ಗಟ್ಟಿ. ಜಾತ್ರೆಯಲ್ಲಿ ನಮ್ಮೂರಿನ ಯಾವ ಮನೆಯಲ್ಲೂ ಮಂಚದ ಲೆಕ್ಕವಿರುವುದಿಲ್ಲ. ಹಾಸಿದ ಕಂಬಳಿಯ ಲೆಕ್ಕ.

ಮಕ್ಕಳನ್ನ ಕರ್ಕೊಂಡು ಬರಬಹುದಾ?

ಖಂಡಿತ. ಜೇಬಿನಲ್ಲಿ ನಿಮ್ಮ ಫೋನ್ ನಂಬರು ಬರೆದ ಚೀಟಿ ಇಡಿ. ತಪ್ಪಿಸಿಕೊಂಡರೆ ಇಂಥ ಕಡೆ ನಿಲ್ಲು ಎಂದು ಮೊದಲೇ ಜಾಗ ತೋರಿಸಿಡಿ. ನಾನು ಏಳು ವರ್ಷದವನಿದ್ದಾಗ ಬಳೆ ಅಂಗಡಿಗಳ ಸಾಲಿನಲ್ಲಿ ತಪ್ಪಿಸಿಕೊಂಡೆ. ಮೈಕಿನಲ್ಲಿ ಹೆಸರು ಕೂಗಿದರು. ಅಳುತ್ತ ಹೋದವನಿಗೆ ಅಪ್ಪಯ್ಯ ಎರಡು ಬಿಗಿದು, ಆಮೇಲೆ ಐಸ್‌ಕ್ಯಾಂಡಿ ಕೊಡಿಸಿದ. ಮೈಕಿನಲ್ಲಿ ಹೆಸರು ಬಂತೆಂದು ಶಾಲೆಯಲ್ಲಿ ತಿಂಗಳುಗಟ್ಟಲೆ ಮೆರೆದೆ.

## ದೇವಿ, ಗದ್ದುಗೆ, ಹರಕೆ

ಜಾತ್ರೆ ಟೈಮಲ್ಲಿ ಮಾರಿಗುಡಿಗೆ ಹೋದ್ರೆ ದೇವಿ ಕಾಣ್ತಾಳಾ?

ಕಾಣುವುದಿಲ್ಲ. ಮೊದಲ ಸಲ ಬಂದವರು ಎಡವುವುದು ಇಲ್ಲೇ. ರಥ ಏರಿದ ದೇವಿ ಬಿಡಕಿಬೈಲಿನ ಜಾತ್ರಾ ಗದ್ದುಗೆಯಲ್ಲಿ ಕೂರುತ್ತಾಳೆ. ಗುರುವಾರದಿಂದ ಮುಂದಿನ ಬುಧವಾರದವರೆಗೆ ದರ್ಶನ, ಸೇವೆ ಎಲ್ಲ ಅಲ್ಲಿಯೇ. ಜಾತ್ರೆಗೆ ಮುಂಚಿನ ದಿನಗಳಲ್ಲೂ ಗುಡಿಯಲ್ಲಿ ದರ್ಶನವಿಲ್ಲ. ಮರದ ಮೂರ್ತಿಯನ್ನು ಕಳಚಿ ಹೊಸದಾಗಿ ಬಣ್ಣ ಹಾಕುತ್ತಾರೆ. ಜಾತ್ರೆ ಮುಗಿದ ತಕ್ಷಣವೂ ಇಲ್ಲ. ದೇವಿ ಮತ್ತೆ ಗುಡಿಯಲ್ಲಿ ಪ್ರತಿಷ್ಠೆಯಾಗುವುದು ಯುಗಾದಿಗೆ. 2024ರಲ್ಲಿ ಜಾತ್ರೆ ಮಾರ್ಚ್ 27ಕ್ಕೆ ಮುಗಿಯಿತು, ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. 'ಗದ್ದಲ ಮುಗಿಯಲಿ, ಆಮೇಲೆ ಆರಾಮಾಗಿ ಹೋಗೋಣ' ಎಂದು ಆ ನಡುವೆ ಬಂದ ಜಾಣರು ಖಾಲಿ ಪೀಠಕ್ಕೆ ಕೈಮುಗಿದು ಹೋದರು.

ಹಾಗೆ ಬಂದು ಸಿಕ್ಕಿಕೊಂಡರೆ ಗುಡಿಯ ಗೋಡೆಗಳ ಕಾವಿ ಚಿತ್ರಗಳನ್ನು ನಿಧಾನಕ್ಕೆ ನೋಡಿ. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಬಿಡಿಸಿದ ಚಿತ್ರಗಳವು, ಕರಾವಳಿ ಮತ್ತು ಘಟ್ಟದ ಈ ಭಾಗದ ಹಳೆಯ ಕಲೆ. ದೇವಿ ಇದ್ದಾಗ ಅವುಗಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ದೊಡ್ಡಮ್ಮ ಅಂತ ಯಾಕೆ ಕರೀತೀರಿ?

ಮಲೆನಾಡಿನ ಊರೂರಲ್ಲಿ ಮಾರಿಯಮ್ಮ ಇದ್ದಾಳೆ. ಅವರೆಲ್ಲರ ಹಿರಿಯಕ್ಕ ಇವಳು ಎಂದು ನಂಬಿಕೆ. ಎಂಟು ಕೈ, ಏಳಡಿಯ ಎತ್ತರ, ಕಾಲಕೆಳಗೆ ರಾಕ್ಷಸ. ಎದುರು ನಿಂತರೆ 'ದೊಡ್ಡ' ಎಂಬ ಮಾತಿಗೆ ಬೇರೆ ವಿವರಣೆ ಬೇಡ.

ಅವಳು ಬಂದ ಕತೆ ಹೀಗೆ ಹೇಳುತ್ತಾರೆ: ಹಾನಗಲ್ಲಿನಲ್ಲಿ ಜಾತ್ರೆ ಮುಗಿಸಿ ಮೂರ್ತಿಯನ್ನೂ ಒಡವೆಯನ್ನೂ ಪೆಟ್ಟಿಗೆಯಲ್ಲಿಟ್ಟಿದ್ದರು. ಕಳ್ಳರು ಹೊತ್ತು ತಂದು, ಒಡವೆ ಹಂಚಿಕೊಂಡು, ಮೂರ್ತಿಯಿದ್ದ ಪೆಟ್ಟಿಗೆಯನ್ನು ಶಿರಸಿಯ ಕೆರೆಗೆ ತಳ್ಳಿದರು. ಭಕ್ತನೊಬ್ಬನ ಕನಸಿನಲ್ಲಿ ದೇವಿ ಬಂದು ತಾನಿರುವ ಜಾಗ ಹೇಳಿದಳು. ಆ ಕೆರೆಯೇ ಇವತ್ತಿನ ದೇವಿಕೆರೆ. ಗುಡಿ ಆದದ್ದು ಸೋದೆ ಅರಸರ ಕಾಲದಲ್ಲಿ, 1688ರ ಸುಮಾರಿಗೆ. ಬೇರೆ ಊರಿನಿಂದ ಕದ್ದು ತಂದು, ಬೇಡವೆಂದು ಬಿಸಾಡಿಹೋದ ದೇವಿ ನಮ್ಮೂರಿನ ಒಡತಿಯಾದಳು ಎನ್ನುವುದು ನನಗೆ ಈ ಕತೆಯಲ್ಲಿ ಬಹಳ ಇಷ್ಟವಾದ ಭಾಗ.

ಗದ್ದುಗೆಯಲ್ಲಿ ಏನೇನು ಸೇವೆ ಮಾಡಿಸಬಹುದು?

ಹಣ್ಣುಕಾಯಿ, ಕುಂಕುಮಾರ್ಚನೆ, ತುಲಾಭಾರ. ಹೆಂಗಸರಿಗೆ ಮುಖ್ಯವಾದದ್ದು ಉಡಿ ತುಂಬುವುದು. ಸೀರೆ, ಖಣ, ಅಕ್ಕಿ, ತೆಂಗಿನಕಾಯಿ, ಬಳೆ, ಅರಿಶಿನ ಕುಂಕುಮ ಎಲ್ಲ ಹೊಂದಿಸಿ ಮನೆಯಿಂದಲೇ ತರುತ್ತಾರೆ, ತವರಿಗೆ ಬಂದ ಮಗಳಿಗೆ ಕೊಡುವ ಹಾಗೆ. ಬೇವಿನ ಉಡುಗೆಯ ಹರಕೆ ಹೊತ್ತವರು ಉಟ್ಟ ಬಟ್ಟೆಯ ಮೇಲೆ ಬೇವಿನ ಸೊಪ್ಪು ಕಟ್ಟಿಕೊಂಡು ಬರುತ್ತಾರೆ. ಸಿಡುಬು, ಅಮ್ಮ, ಮೈಮೇಲೆ ಏಳುವ ಬೇನೆಗಳನ್ನೆಲ್ಲ ಮಾರಿಗೆ ಒಪ್ಪಿಸುತ್ತಿದ್ದ ಕಾಲದ ಹರಕೆ ಅದು. ಬೇವು ಅವಳ ಔಷಧಿಯೂ ಹೌದು, ಸೀರೆಯೂ ಹೌದು.

ದರ ಬರೆದ ಫಲಕ ಅಲ್ಲೇ ಇರುತ್ತದೆ, ಚೀಟಿ ಮಾಡಿಸಿ ಸಾಲು ಹಿಡಿದರಾಯಿತು. ಸಾಲಿನಲ್ಲಿ ನಿಂತಾಗ 'ನಾನು ಬೇಗ ಮಾಡಿಸಿಕೊಡ್ತೆ' ಎಂದು ಕಿವಿಯ ಹತ್ತಿರ ಬಂದವರಿಗೆ ದುಡ್ಡು ಕೊಡಬೇಡಿ.

ರಥಕ್ಕೆ ಕೋಳಿ ಎಸೀತಾರಂತೆ, ಹೌದಾ?

ಹೌದು. ಹಾರುಗೋಳಿ ಎನ್ನುತ್ತಾರೆ. ಹರಕೆ ಹೊತ್ತವರು ಜೀವಂತ ಕೋಳಿಯನ್ನು ರಥದ ಕಡೆ ಹಾರಿಸುತ್ತಾರೆ, ಬಾಳೆಹಣ್ಣನ್ನೂ ಎಸೆಯುತ್ತಾರೆ. ಕೊಲ್ಲುವುದಿಲ್ಲ ನಿಜ, ಆದರೆ ಆ ಜನಜಂಗುಳಿಯ ನಡುವೆ ಗಾಬರಿಬಿದ್ದ ಕೋಳಿಗೆ ಅದು ಸುಖದ ಹೊತ್ತೂ ಅಲ್ಲ. ನನಗೆ ಇದು ಹಿಡಿಸುವುದಿಲ್ಲ. ನಮ್ಮ ಮನೆಯ ಎದುರಿಗಿನವರು ಪ್ರತಿ ಜಾತ್ರೆಯಲ್ಲೂ ಹಾರಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ನಮ್ಮಿಬ್ಬರ ಜಗಳ ಇದೊಂದೇ.

## ಒಳಗಿನ ಸಂಗತಿ ಕೇಳುವವರಿಗೆ

ಮದುವೆ ಅಂತೀರಲ್ಲ, ಮದುಮಗ ಯಾರು?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳಿದ್ದು ಆರು ವರ್ಷದ ಅಪ್ಪಿ. ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಂಗಳವಾರ ರಾತ್ರಿ ಕಲ್ಯಾಣವಾಗುತ್ತದೆ, ದೇವಿಗೆ ಮದುಮಗಳ ಶೃಂಗಾರವಾಗುತ್ತದೆ. ಪಕ್ಕದಲ್ಲಿ ಗಂಡಿನ ಮೂರ್ತಿ ಇಲ್ಲ.

ಉತ್ತರ ಜನಪದ ಕತೆಯಲ್ಲಿದೆ. ಮಾರಿ ಮೊದಲು ಬ್ರಾಹ್ಮಣರ ಹುಡುಗಿ. ಹೊಲೆಯರ ಕೇರಿಯ ಹುಡುಗನೊಬ್ಬ ಜಾತಿ ಮರೆಸಿ ಅವಳನ್ನು ಮದುವೆಯಾದ. ಸಂಸಾರ ನಡೆಯಿತು, ಮಕ್ಕಳಾದವು. ಒಂದು ದಿನ ಅವನ ತಾಯಿ ಮನೆಗೆ ಬಂದಳು. ಊಟಕ್ಕೆ ಕೂತಾಗ ಅವಳ ಬಾಯಿಂದ ಜಾರಿದ ಒಂದು ಮಾತಿನಲ್ಲಿ ಗುಟ್ಟು ರಟ್ಟಾಯಿತು. ಸಿಟ್ಟಿನಿಂದ ಉರಿದೆದ್ದ ಹೆಂಡತಿ ಮನೆಗೆ ಬೆಂಕಿಯಿಟ್ಟಳು, ಕೋಣನಾಗಿ ಓಡಿದ ಗಂಡನನ್ನು ಅಟ್ಟಿಸಿಕೊಂಡು ಹೋಗಿ ಕಡಿದಳು. ಕರ್ನಾಟಕದುದ್ದಕ್ಕೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇದೇ ಕತೆ. ಇದನ್ನು ತಿಳಿದು ಜಾತ್ರೆ ನೋಡಿದರೆ ಮೊದಲ ದಿನದ ಮದುವೆ, ನಡುವಿನ ಕೋಣ, ಕೊನೆಯ ದಿನದ ಬೆಂಕಿ ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ.

ಕತೆಯಲ್ಲಿ ಜಾತಿಯ ವಿಷ ಇದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪ್ರತಿ ಜಾತ್ರೆಯಲ್ಲೂ ಮತ್ತೆ ಮತ್ತೆ ಕೊಲ್ಲಿಸಿಕೊಳ್ಳಬೇಕಾದವನು ಕೆಳಗಿನ ಜಾತಿಯವನೇ ಯಾಕೆ ಎಂದು ಕೇಳುವವರು ನ್ಯಾಯವಾದದ್ದನ್ನೇ ಕೇಳುತ್ತಿದ್ದಾರೆ. ಈ ಕತೆ ಬೇಡವೆನ್ನುವವರು ದುರ್ಗೆ, ಮಹಿಷಾಸುರರ ಪುರಾಣ ಹೇಳುತ್ತಾರೆ. ಮೂರ್ತಿಯೂ ಅದಕ್ಕೆ ಒಪ್ಪುವಂತಿದೆ. ಆದರೆ ಪುರಾಣದ ದುರ್ಗೆಗೆ ಮದುವೆಯ ಹಿಂದಿನ ಈ ಮೋಸವೂ ಇಲ್ಲ, ಸುಡುವ ಚಪ್ಪರವೂ ಇಲ್ಲ. ನಾನು ಅಪ್ಪಿಗೆ ಇಡೀ ಕತೆ ಹೇಳಿದೆ. 'ಅವ ಸುಳ್ಳು ಯಾಕೆ ಹೇಳ್ದ?' ಎಂದ. 'ನಿಜ ಹೇಳಿದ್ರೆ ಕೊಡ್ತಿದ್ರಾ?' ಎಂದಳು ಅವನ ಅಕ್ಕ.

ಈಗ್ಲೂ ಕೋಣ ಕಡೀತಾರಾ?

ಇಲ್ಲ. ಹಿಂದೆ ಕಡಿಯುತ್ತಿದ್ದರು. 1934ರಲ್ಲಿ ಹರಿಜನ ಯಾತ್ರೆಯ ಕಾಲಕ್ಕೆ ಗಾಂಧೀಜಿ ಶಿರಸಿಗೆ ಬಂದರು. ಪ್ರಾಣಿಬಲಿ ನಡೆಯುವ ಗುಡಿಯೊಳಗೆ ಬರಲಾರೆ ಎಂದರು. ಊರು ಬಲಿಯನ್ನು ನಿಲ್ಲಿಸಿತು. ದೇವಿಗೆ ಮೀಸಲಾದ ಪಟ್ಟದ ಕೋಣ ಈಗಲೂ ಇದೆ, ಪೂಜೆಯೂ ಆಗುತ್ತದೆ. ಜೀವ ತೆಗೆಯದೆ ವಿಧಿ ಪೂರೈಸುವುದಕ್ಕೆ ಸಾತ್ವಿಕ ಬಲಿ ಎಂದು ಹೆಸರು.

'ಅನಾದಿ ಕಾಲದಿಂದ ನಡೆದು ಬಂದದ್ದು, ಒಂದು ಕಡ್ಡಿ ಅಲುಗಿಸಬಾರದು' ಎಂದು ಯಾರಾದರೂ ಗಂಟಲು ಹರಿದುಕೊಂಡರೆ ನಾನು ಹೇಳುವುದು ಇದನ್ನೇ. ಜಾತ್ರೆಯ ನಡುಮಧ್ಯದ ವಿಧಿಯನ್ನೇ ನಮ್ಮ ಅಜ್ಜಂದಿರು ಬದಲಾಯಿಸಿದರು. ಆಗ ಊರಿಗೆ ರೋಗ ಬರುತ್ತದೆ, ಮಳೆ ನಿಲ್ಲುತ್ತದೆ ಎಂದು ಹೆದರಿದವರು ಇರಲೇಬೇಕು. ದೇವಿ ಏನೂ ಮುನಿಸಿಕೊಳ್ಳಲಿಲ್ಲ. ಅದಾದ ಮೇಲೆ ಜಾತ್ರೆ ಬೆಳೆದದ್ದೇ ಹೊರತು ಸೊರಗಲಿಲ್ಲ.

ಹೊರಬೀಡು, ಅಂಕೆ ಅಂತಾರಲ್ಲ, ಅದೇನು?

ಹೊರಗಿನವರಿಗೆ ಜಾತ್ರೆ 9 ದಿನ. ನಮಗೆ ಅದಕ್ಕೂ ಕೆಲವು ವಾರ ಮುಂಚೆ ಶುರು. ಮಂಗಳವಾರ, ಶುಕ್ರವಾರಗಳ ರಾತ್ರಿ ದೇವಿಯ ಉತ್ಸವ ಊರಿನ ಒಂದೊಂದು ದಿಕ್ಕಿನ ಗಡಿಗೆ ಹೋಗಿ ಬರುತ್ತದೆ. ಅದು ಹೊರಬೀಡು. ಊರಿನ ಎಲ್ಲೆಯನ್ನು ದೇವಿ ತಾನೇ ತಿರುಗಿ ನೋಡಿಕೊಂಡು ಬರುವ ಹಾಗೆ. ಆಮೇಲೆ ಅಂಕೆ ಬೀಳುತ್ತದೆ. ಅಂಕೆ ಎಂದರೆ ಕಟ್ಟು. ಅಂಕೆ ಬಿದ್ದ ಮೇಲೆ ಊರಿನಲ್ಲಿ ಮದುವೆ, ಮುಂಜಿ ಇಟ್ಟುಕೊಳ್ಳುವುದಿಲ್ಲ. ಮದುವೆಯಾಗಬೇಕಾದವಳು ಅವಳೊಬ್ಬಳೇ.

ಹೊರಬೀಡಿನ ರಾತ್ರಿಗಳಲ್ಲಿ ಫ್ಲೆಕ್ಸ್ ಇಲ್ಲ, ಅಂಗಡಿಯಿಲ್ಲ, ವಿಐಪಿಗಳಿಲ್ಲ. ಕತ್ತಲಲ್ಲಿ ವಾದ್ಯದ ಸದ್ದು ಹತ್ತಿರವಾಗುತ್ತದೆ, ದೂರವಾಗುತ್ತದೆ. ಹಾಸಿಗೆಯಲ್ಲಿ ಮಲಗಿದ್ದವರೂ ಎದ್ದು ಕೂತು ಕೈಮುಗಿಯುತ್ತಾರೆ.

ಇದು ಯಾವ ಜಾತಿಯವರ ಜಾತ್ರೆ?

ಯಾರೊಬ್ಬರದೂ ಅಲ್ಲ. ಪೂಜೆ ಮಾಡುವವರು ವಿಶ್ವಕರ್ಮರು. ಇದನ್ನು ಕೇಳಿ ಅಚ್ಚರಿಪಡುವವರು ಈಗಲೂ ಇದ್ದಾರೆ. ಮರದ ದೇವಿಯನ್ನು ಮುಟ್ಟುವ ಹಕ್ಕು ಮರ ಬಲ್ಲವರಿಗೆ ಇದ್ದರೆ ಅದರಲ್ಲಿ ಅಚ್ಚರಿಯೇನು? ಆಸಾದಿಯರು ದೇವಿಯ ಮುಂದೆ ಹಾಡಬೇಕು. ರಥ ಕಟ್ಟುವವರು ಬೇರೆ, ಡೊಳ್ಳು ಬಾರಿಸುವವರು ಬೇರೆ. ಹೀಗೆ ವಂಶಪಾರಂಪರ್ಯವಾಗಿ ಕೆಲಸ ಹೊತ್ತವರನ್ನು ಬಾಬದಾರರು ಎನ್ನುತ್ತೇವೆ. ಒಬ್ಬ ಬಾಬದಾರ ಬಾರದಿದ್ದರೆ ಮುಂದಿನ ವಿಧಿ ನಿಲ್ಲುತ್ತದೆ, ಎಷ್ಟೇ ದೊಡ್ಡ ಮನುಷ್ಯ ಕಾಯುತ್ತಿದ್ದರೂ.

ಹಾಗೆಂದು ಎಲ್ಲರೂ ಸರಿಸಮಾನರಾಗಿ ಕೂತು ಹಬ್ಬ ಮಾಡುತ್ತಾರೆ ಎಂದರೆ ಸುಳ್ಳಾಗುತ್ತದೆ. ಯಾರ ಕೆಲಸಕ್ಕೆ ಮೈಕು, ಯಾರ ಕೆಲಸಕ್ಕೆ ಬರೀ ದುಡಿಮೆ ಎಂಬುದು ಕಣ್ಣಿದ್ದವರಿಗೆ ಕಾಣುತ್ತದೆ.

ನಾಟಕ, ಸರ್ಕಸ್, ತೊಟ್ಟಿಲು... ಇದು ಜಾತ್ರೆಯಾ, ಎಕ್ಸಿಬಿಷನ್ನಾ?

ಈ ದೂರು ಹೇಳುವವರು ಬಾಲ್ಯದಲ್ಲಿ ಇವನ್ನೆಲ್ಲ ನೋಡಲೆಂದೇ ಬಂದವರು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳಿಗೆ ನಮ್ಮ ಜಾತ್ರೆ ದೊಡ್ಡ ಕ್ಯಾಂಪು. ಯಕ್ಷಗಾನದ ಟೆಂಟು ಒಂದು ಕಡೆ, ಬಾವಿಯೊಳಗೆ ಬೈಕ್ ಓಡಿಸುವವರು ಇನ್ನೊಂದು ಕಡೆ. ಕೋಟೆಕೆರೆಯ ಹತ್ತಿರ ತೊಟ್ಟಿಲು ತಿರುಗುತ್ತಿದ್ದರೆ ಮೇಲೇರಿದವರಿಗೆ ಕೆರೆಯ ನೀರಲ್ಲಿ ಇಡೀ ಜಾತ್ರೆ ತಲೆಕೆಳಗಾಗಿ ಕಾಣುತ್ತದೆ. ಮಿರ್ಚಿ ಭಜಿ, ಗಿರಮಿಟ್ಟು, ಬೆಂಡು ಬತ್ತಾಸು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೇ ಜಾತ್ರೆ ಬರುವುದು ಸುಮ್ಮನೆ ಅಲ್ಲ. ನಾಟಕದ ಸಂಭಾಷಣೆಗಳಲ್ಲಿ ಈಚೆಗೆ ಎರಡರ್ಥದ ಮಾತು ಅತಿಯಾಗಿದೆ, ಅದೊಂದು ಬೇಜಾರು. ಆದರೂ ರಾತ್ರಿ ಒಂದು ಗಂಟೆಗೆ ಟೆಂಟಿನೊಳಗೆ ಕಾಲಿಡಲು ಜಾಗವಿರುವುದಿಲ್ಲ.

ಕೊನೇ ದಿನ ಏನಾಗುತ್ತೆ? ನೋಡಬಹುದಾ?

ಬುಧವಾರ ಬೆಳಿಗ್ಗೆಗೆ ಸೇವೆಗಳು ನಿಲ್ಲುತ್ತವೆ. ರೈತರು ಹುಲುಸು ಪ್ರಸಾದಕ್ಕೆ ಮುಗಿಬೀಳುತ್ತಾರೆ. ಹೊಲಗದ್ದೆಗೆ ಒಯ್ದು ಹಾಕಿದರೆ ಬೆಳೆ ಹುಲುಸಾಗುತ್ತದೆಂಬ ನಂಬಿಕೆ. ಆಮೇಲೆ ದೇವಿ ಗದ್ದುಗೆಯಿಂದ ಏಳುತ್ತಾಳೆ, ಮಾತಂಗಿ ಚಪ್ಪರಕ್ಕೆ ಬೆಂಕಿ ಬೀಳುತ್ತದೆ. ಮೇಲೆ ಹೇಳಿದ ಕತೆಯ ಆ ಮನೆ ಅದು. ನೋಡಬಹುದು. ಆದರೆ ಮೊದಲ ಬುಧವಾರದ ರಥದ ಗುಂಗಿನಲ್ಲಿ ಬಂದರೆ ನಿಮಗೆ ನಿರಾಸೆಯಾದೀತು. ಜೈಕಾರಕ್ಕಿಂತ ಮೌನ ಜಾಸ್ತಿ. ಮಗಳನ್ನು ಕಳಿಸಿಕೊಟ್ಟ ಮನೆಯ ಹಾಗಿರುತ್ತದೆ ಊರು. ನಮ್ಮ ಆಯಿ ಆ ದಿನ ಹೊರಗೆ ಬರುವುದೇ ಇಲ್ಲ.

ಜಾತ್ರೆ ಇಲ್ಲದ ವರ್ಷ ಬಂದ್ರೆ ಏನೂ ಇರಲ್ವಾ?

ಆ ವರ್ಷದ ಹೋಳಿ ಹಬ್ಬಕ್ಕೆ ಬನ್ನಿ, ಬೇಡರ ವೇಷ ಇರುತ್ತದೆ. ಜಾತ್ರೆಯ ವರ್ಷ ಇದಿಲ್ಲ, ಇದರ ವರ್ಷ ಜಾತ್ರೆಯಿಲ್ಲ. ಬೆನ್ನಿಗೆ ನವಿಲುಗರಿಯ ಚಾಮರ ಕಟ್ಟಿ, ಕೆಂಪು ಬಟ್ಟೆ ತೊಟ್ಟು, ಕತ್ತಿ ಗುರಾಣಿ ಹಿಡಿದ ಬೇಡ ತಮಟೆಯ ಪೆಟ್ಟಿಗೆ ಅಬ್ಬರಿಸಿ ಕುಣಿಯುತ್ತಾನೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಹಿಡಿದು ಜಗ್ಗುತ್ತಿರುತ್ತಾರೆ. ಊರು ಕಾಯಲು ನೇಮಿಸಿದ ಬೇಡ ಮಲ್ಲೇಶಿ ಊರಿಗೇ ಕಂಟಕನಾದ, ರುದ್ರಾಂಬಿಕೆ ಎಂಬ ಹೆಣ್ಣು ಅವನನ್ನು ಮುಗಿಸಲು ತನ್ನ ಬಾಳನ್ನೇ ಒಡ್ಡಿದಳು ಎಂಬುದು ಅದರ ಹಿಂದಿನ ಕತೆ. ರಾತ್ರಿಯ ಆಟ, ಬೆಳಗಾಗುವವರೆಗೂ ಪೇಟೆ ಮಲಗುವುದಿಲ್ಲ. ಹಗ್ಗ ಹಿಡಿದವರ ಹತ್ತಿರ ನಿಲ್ಲಬೇಡಿ, ಅವರೂ ಅವನೊಂದಿಗೇ ಓಡುತ್ತಾರೆ.

ಜಾತ್ರೆ ಮುಗಿದ ಮಾರನೇ ದಿನ ಬಂದ್ರೆ?

ದೇವಿ ಇಲ್ಲ, ಮೇಲೆ ಹೇಳಿದ್ದೇನೆ. ಅಂಗಡಿಗಳು ಇರುತ್ತವೆ. ನಿಜ ಹೇಳಬೇಕೆಂದರೆ ಊರಿನ ಹೆಂಗಸರು ಪಾತ್ರೆ, ಬಳೆ, ಚಾದರ ಕೊಳ್ಳುವುದು ಆಗಲೇ. ಜಾತ್ರೆಯಲ್ಲಿ ಮುನ್ನೂರು ಎಂದು ಹಟ ಹಿಡಿದಿದ್ದ ವ್ಯಾಪಾರಿ ಈಗ 'ಅಕ್ಕಾ, ನೂರೈವತ್ತು ಕೊಟ್ಟು ತಗೊಂಡು ಹೋಗ್ರೀ' ಎನ್ನುತ್ತಾನೆ. ಹೊರಗಿನವರಿಗೆ ಇದನ್ನು ಹೇಳಬೇಡ ಎಂದಿದ್ದಳು ಆಯಿ.